ಕ್ಯಾರಿಯರ್ ಇಲ್ಲದ ಸೈಕಲ್ಲು

ಇದನ್ನು ಹಗಲು ಹೊತ್ತು ಹೇಳಿದರೆ ನೀವು ನಗುತ್ತೀರಿ. ಅದಕ್ಕೇ ಕರೆಂಟು ಹೋಗಲಿ ಎಂದು ಕಾದಿದ್ದೆ. ಬಾಗಿಲು ಮುಂದಕ್ಕೆ ಹಾಕಿ, ಹತ್ತಿರ ಬಂದು ಕೂತುಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಹಾಳು ಬಾವಿ ಇಲ್ಲ, ಆಲದ ಮರ ಇಲ್ಲ, ಬಿಳಿ ಸೀರೆ ಇಲ್ಲ. ಅವು ಬೇಕಾದವರು ಟಿವಿ ನೋಡಲಿ. ಇದರಲ್ಲಿ ಇರುವುದು ಒಂದು ನಾಲೆ, ಒಂದು ಸೈಕಲ್ಲು, ಮತ್ತು ನನ್ನ ತಂಗಿಯ ಮಗ ಚನ್ನವೀರ. ದಿನ, ವೇಳೆ, ತೂಕ ಎಲ್ಲವನ್ನೂ ಆಗಿಂದಾಗ ಬರೆದಿಟ್ಟಿದ್ದೇನೆ. ಬಾಯಿಗೆ ಬಂದದ್ದು ಹೇಳುವ ಅಭ್ಯಾಸ ನನಗಿಲ್ಲ. ಅದು ಚನ್ನವೀರನದು.

ಚನ್ನವೀರ ಮಾನ್ವಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುತ್ತಾನೆ. ವಯಸ್ಸು ನಲವತ್ತೆಂಟು. ಎರಡು ಸಾವಿರದ ಇಪ್ಪತ್ತನಾಲ್ಕರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶಕ್ಕೆ ಸೈಕಲ್ ಪ್ರವಾಸ ಹೋಗಿಬಂದ. ಇದ್ದದ್ದು ಹನ್ನೆರಡು ದಿನ. ಬಂದ ಮೇಲೆ ಹನ್ನೆರಡು ತಲೆಮಾರು ಅಲ್ಲೇ ಹುಟ್ಟಿ ಬೆಳೆದವನ ಹಾಗೆ ಮಾತು. ಅಲ್ಲಿ ಹಳ್ಳಿಗಳ ನಡುವೆ ನಾಲೆಯ ಪಕ್ಕ ಸೈಕಲ್ಲಿಗೇ ದಾರಿ ಬಿಟ್ಟಿದ್ದಾರಂತೆ. ಕಾರು ಕಾಲಿಡುವ ಹಾಗಿಲ್ಲವಂತೆ. ಎರಡೂ ಕಡೆ ಸಾಲು ಮರ, ನೆರಳು, ತಿರುವಿಗೊಂದು ಊರು, ಊರಿಗೊಂದು ಬ್ರೆಡ್ಡಿನ ಅಂಗಡಿ. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದರೂ ಇದೇ ಮಾತು. "ನಿಮಗೆ ರಸ್ತಿ ಅಂದ್ರೇನು ಗೊತ್ತಿಲ್ಲ ಬಿಡ್ರಿ" ಎನ್ನುವುದು, ಹೋಳಿಗೆಯ ಮೇಲೆ ಮತ್ತಷ್ಟು ತುಪ್ಪ ಹಾಕಿಸಿಕೊಳ್ಳುವುದು.

ಅಲ್ಲಿಂದ ಬಂದವನೇ ಒಂದು ಸೈಕಲ್ಲು ತರಿಸಿದ. ಬೆಲ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ಮಾನ್ವಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಗುಲಾಮ್ ದಸ್ತಗೀರ್ ಅದನ್ನು ಸುತ್ತ ತಿರುಗಿ ನೋಡಿ ಹೇಳಿದ್ದು ಇಷ್ಟೇ: "ಸರ್, ಇದು ಸೈಕಲ್ ಅಲ್ರಿ. ಸೈಕಲ್ಲಿನ ಎಲುಬು."

"ನಿನಗೇನು ತಿಳಿತದೋ! ಫ್ರಾನ್ಸಿನ್ಯಾಗ ಕ್ಯಾರಿಯರ್ ಹಾಕ್ಕೊಂಡ್ರ ನಗ್ತಾರ."

"ಹಂಗಾರ ಅಲ್ಲಿ ಹೆಂಡ್ರು ನಡಕೋತ ಬರ್ತಾರೇನ್ರಿ?"

ಮೈಗಂಟಿದ ಕರಿ ಚಡ್ಡಿ ಹಾಕಿಕೊಂಡು ಅದರ ಮೇಲೆ ಕೂತು ಊರೆಲ್ಲ ತಿರುಗುತ್ತಿದ್ದ. ಹೆಂಡತಿ ಸುನಂದಾ ಆ ಚಡ್ಡಿಯನ್ನು ಒಣಹಾಕಲು ನಾಚಿ ಹಿತ್ತಲಲ್ಲಿ ಸೀರೆಯ ಕೆಳಗೆ ಮುಚ್ಚಿಡುತ್ತಿದ್ದಳು. ಕೊನೆಗೆ ನಮ್ಮ ಕಡೆಯೂ ಒಂದು ಫ್ರಾನ್ಸ್ ಸಿಕ್ಕಿತು ಅವನಿಗೆ. ಎಡದಂಡೆ ನಾಲೆಯ ದಂಡೆಯ ಮೇಲಿನ ಮೊರಂ ದಾರಿ. ಟ್ರ್ಯಾಕ್ಟರ್ ನುಗ್ಗಬಾರದೆಂದು ಎರಡೂ ತುದಿಗೆ ಕಲ್ಲುಕಂಬ ನೆಟ್ಟಿದ್ದಾರೆ. ಸೈಕಲ್ಲು ಮಾತ್ರ ಸಂದಿಯಲ್ಲಿ ಹಾಯುತ್ತದೆ. ಕವಿತಾಳದ ಕಡೆಯಿಂದ ಮಾನ್ವಿಯ ಕಡೆಗೆ ಮೂವತ್ತೊಂದು ಕಿಲೋಮೀಟರ್. ನಮ್ಮ ಮಂದಿ ಅಜ್ಜನ ಕಾಲದಿಂದ ಓಡಾಡಿದ ದಾರಿಯನ್ನು ತಾನೇ ಕಂಡುಹಿಡಿದೆ ಎಂದು ಹೈದರಾಬಾದಿನ ಸೈಕಲ್ ಸಂಘಕ್ಕೆ ಬರೆದ. ಹನ್ನೊಂದು ಜನ ಡಿಸೆಂಬರ್ ಒಂದರ ಬೆಳಗ್ಗೆ ಬರುತ್ತೇವೆ ಎಂದರು.

ಹಿಂದಿನ ಸಂಜೆ, ನವೆಂಬರ್ ಮೂವತ್ತು, ಶನಿವಾರ, ಮರುದಿನ ಛಟ್ಟಿ ಅಮಾವಾಸ್ಯೆ. ದಾರಿ ಸರಿಯಿದೆಯೇ ನೋಡಲು ಚನ್ನವೀರ ಕವಿತಾಳದ ತುದಿಯಿಂದ ಒಬ್ಬನೇ ಹೊರಟ. ಆಗ ಆರೂ ಕಾಲು. ನಾಲೆಯ ತೂಬು ಏರಿಸಿ ಇಳಿಸುವ ನೀರಗಂಟಿ ಜಂಬಣ್ಣ ತಗಡಿನ ಶೆಡ್ಡಿನ ಮುಂದೆ ಬೀಡಿ ಹಚ್ಚುತ್ತಿದ್ದ.

"ಈಗ ಹೊಂಟೀರೇನ್ರಿ ಸರ್? ಹೊತ್ತು ಮುಳುಗಿತಲ್ರಿ."

"ಅದಕ್ಕೇನೀಗ? ಲೈಟ್ ಅದ."

"ಲೈಟ್ ಇರಲಿ. ದಾರ್ಯಾಗ ಯಾರರ ಕೇಳಿದ್ರ ನಿಂತು ಮಾತಾಡ್ರಿ. ಒಲ್ಲೆ ಅನ್ನೋದಿದ್ರ ಒಲ್ಲೆ ಅನ್ರಿ. ಚೇಷ್ಟಿ ಮಾಡಬ್ಯಾಡ್ರಿ."

"ಫ್ರಾನ್ಸಿನ್ಯಾಗ ನಾಲಿ ಕಾಯೋರು ಬೂಟು ಟೈ ಹಾಕ್ಕೊಂಡಿರ್ತಾರ ಜಂಬಣ್ಣಾ. ನೀ ನೋಡು, ಲುಂಗಿ ಎತ್ತಿ ಕಟ್ಟಿ ನನಗ ಬುದ್ಧಿ ಹೇಳ್ತಿ."

"ಟೈ ಹಾಕ್ಕೊಂಡು ನೀರಿಗಿಳಿದ್ರ ಅದೇ ಉರುಲಾಗ್ತದ್ರಿ" ಎಂದು ಜಂಬಣ್ಣ ಬೀಡಿ ಎಳೆದ.

ಜಂಬಣ್ಣ ಹೇಳಿದ್ದು ನಾಲೆ ದಾರಿಯ ರೀತಿ. ಅಲ್ಲಿ ಬಸ್ಸಿಲ್ಲ, ಆಟೋ ಇಲ್ಲ. ಕೂಲಿ ಮುಗಿಸಿ ನಡೆದು ಬರುವವರು ಸೈಕಲ್ಲಿನವರನ್ನು ಕೇಳುತ್ತಾರೆ. ಇವರು ನಿಂತು, ಮುಖ ನೋಡಿ, "ಕುಂಡ್ರು" ಎಂದು ಕ್ಯಾರಿಯರ್ ಮೇಲೆ ಕೂಡಿಸಿಕೊಳ್ಳುತ್ತಾರೆ. ಊರು ಬಂದಾಗ "ಇಳಿ, ನಿಮ್ಮೂರು ಬಂತು" ಎನ್ನುತ್ತಾರೆ. ಕೂಡಿಸಿಕೊಂಡವನೇ ಇಳಿಸಬೇಕು. ಅವನು ಇಳಿ ಎನ್ನುವ ತನಕ ಕೂತವರು ಇಳಿಯುವುದಿಲ್ಲ. ಇಷ್ಟು ಮರ್ಯಾದೆ ನಾಲ್ಕನೆಯ ಇಯತ್ತೆ ಓದದ ಮಂದಿಗೆ ಗೊತ್ತಿದೆ. ಎಂ.ಕಾಂ. ಓದಿದವನಿಗೆ ಗೊತ್ತಿರಲಿಲ್ಲ.

ಕತ್ತಲಾಯಿತು. ಎಡಕ್ಕೆ ನಾಲೆ, ಬಲಕ್ಕೆ ಕೊಯ್ದ ಭತ್ತದ ಗದ್ದೆ. ಚಕ್ರದ ಕೆಳಗೆ ಮೊರಂ ಜರ್... ಜರ್... ಎನ್ನುತ್ತಿತ್ತು. ಪೆಡಲ್ ನಿಲ್ಲಿಸಿದರೆ ಹಿಂದಿನ ಗಾಲಿ ಟಿರ್‌ರ್‌ರ್... ಎನ್ನುತ್ತಿತ್ತು. ದೂರ ಎಲ್ಲೋ ಕಟಾವು ಯಂತ್ರದ ಗುರ್ ಗುರ್. ಅದೂ ನಿಂತಿತು. ಚನ್ನವೀರ ಬೆಳಗ್ಗೆ ಹೈದರಾಬಾದಿನವರ ಮುಂದೆ ಮಾಡಬೇಕಾದ ಭಾಷಣವನ್ನು ದೊಡ್ಡ ದನಿಯಲ್ಲಿ ರೂಢಿ ಮಾಡುತ್ತಿದ್ದ.

ಲೈಟಿನ ಬೆಳಕಿನಲ್ಲಿ ದಂಡೆಯ ಅಂಚಿಗೆ ಒಬ್ಬ ಹೆಂಗಸು ಕಂಡಳು. ಸಾಧಾರಣ ಹಸಿರು ಸೀರೆ. ತಲೆಯ ಮೇಲೆ ಟವಲು. ಕೈಯಲ್ಲಿ ಊಟದ ಡಬ್ಬಿ.

"ಯಪ್ಪಾ... ಕಾಲು ಸೋತಾವ. ಸೇತುವಿ ತನಕ ಕುಂದರಿಸಿಕೊಂಡು ಹೋಗ್ತೀಯೇನು?"

ನಿಲ್ಲಬಹುದಿತ್ತು. ಆಗಂಗಿಲ್ಲವ್ವಾ ಎನ್ನಬಹುದಿತ್ತು. ಇವನು ವೇಗ ಕೂಡ ಇಳಿಸಲಿಲ್ಲ. ಪಕ್ಕದಲ್ಲಿ ಹಾಯುತ್ತ ನಕ್ಕುಬಿಟ್ಟ.

"ಕುಂಡ್ರು ಬಾ! ಎಲ್ಲಿ ಜಾಗಾ ಕಾಣ್ತದ ಅಲ್ಲೇ ಕುಂಡ್ರು!"

ಹತ್ತು ಮಾರು ಹೋಗಿರಬೇಕು... ಹಿಂದಿನ ಟೈರು "ಉಸ್" ಎಂದಿತು.

ಪಂಕ್ಚರ್ ಎಂದುಕೊಂಡು ಇಳಿದ. ಹಿಂಡಿ ನೋಡಿದ. ಟೈರು ಕಲ್ಲಿನ ಹಾಗಿತ್ತು. ಹತ್ತಿದ. ಪೆಡಲ್ ತುಳಿದರೆ ಏರು ಹತ್ತಿದ ಹಾಗೆ. ದಾರಿ ಮಟ್ಟಸ. ಹ್ಯಾಂಡಲ್ ಮೇಲಿನ ಮೀಟರಿನಲ್ಲಿ ಇಪ್ಪತ್ತನಾಲ್ಕು ಇದ್ದ ವೇಗ ಹನ್ನೊಂದಕ್ಕೆ ಇಳಿದಿತ್ತು. ವೇಳೆ ಆರು ಐವತ್ತೆರಡು. ಆ ಮೀಟರು ಎಲ್ಲವನ್ನೂ ದಾಖಲಿಸುತ್ತದೆ. ನಾನು ನೋಡಿ ಬರೆದುಕೊಂಡಿದ್ದೇನೆ.

ಆಮೇಲೆ ಸಪ್ಪಳ ಕೇಳಿತು. ಬೆನ್ನಿನ ಹಿಂದೆ, ಒಂದು ಗೇಣಿನಷ್ಟು ಹತ್ತಿರ.

ಕಟಕ್... ಥೂ.

ಭತ್ತದ ಕಾಳನ್ನು ಮುಂದಿನ ಹಲ್ಲಿನಲ್ಲಿ ಕಡಿದು ಹೊಟ್ಟು ಉಗುಳುವ ಸಪ್ಪಳ. ಕಣದಲ್ಲಿ ಕೂತ ಹೆಂಗಸರು ಮಾಡುತ್ತಾರಲ್ಲ, ಅದು.

ಕಟಕ್... ಥೂ.

ಚನ್ನವೀರ ತಿರುಗಿ ನೋಡಲಿಲ್ಲ. ಅಂಜಿಕೆಗೆ ಅವನು ಮಾಡಿದ ಕೆಲಸ ಏನು ಗೊತ್ತೇ? ಭಾಷಣ ಮುಂದುವರಿಸಿದ. ಅದೊಂದೇ ಬರುವುದು ಅವನಿಗೆ.

"ಫ್ರಾನ್ಸಿನ್ಯಾಗ... ನಾಲಿ ಪಕ್ಕಕ್ಕ ಒಂದು ದಾರಿ ಅದ..."

"ಹೂಂ" ಎಂದಿತು ಹಿಂದಿನಿಂದ.

ಕತೆ ಕೇಳುವವರು ಹೂಂ ಎನ್ನುತ್ತಾರಲ್ಲ, ಹಾಗೆಯೇ. ಚನ್ನವೀರ ಅಲ್ಲಿಗೇ ಮಾತು ನಿಲ್ಲಿಸಿದ.

"ಆಮ್ಯಾಲೆ?"

"...ಎರಡೂ ಕಡಿ ಮರ."

"ಹೂಂ."

"ಕಾರು ಬರಂಗಿಲ್ಲ."

ಕಡಿಯುವ ಸಪ್ಪಳ ನಿಂತಿತು.

"ಒಂದೂ?"

"ಒಂದೂ ಇಲ್ಲ."

"ರಾತ್ರಿ?"

"ರಾತ್ರಿನೂ ಇಲ್ಲ."

"ಮಕ್ಕೊಂಡಿರ್ತೀವಲ್ಲ, ಅವಾಗ?"

"ಅವಾಗೂ... ಬರಂಗಿಲ್ಲ."

"ಹೂಂ..." ಎಂದು ಒಂದು ಉದ್ದನೆಯ ಉಸಿರು ಬಂತು. ಅವನ ಕುತ್ತಿಗೆಗೆ ತಾಗಿತು. ಬೆಚ್ಚಗಿತ್ತು. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ತಂದದ್ದು... ತಣ್ಣಗಿರಲಿಲ್ಲ, ಬೆಚ್ಚಗಿತ್ತು.

ಸೇತುವೆ ಬಂತು. ಅಲ್ಲಿ ನಿಂತು ಇಳಿ ಎಂದಿದ್ದರೆ ಕತೆ ಮುಗಿಯುತ್ತಿತ್ತು. ಇವನು ಕಣ್ಣು ಮುಚ್ಚಿ ತುಳಿದ. ಮಾನ್ವಿಯ ಮನೆ ಮುಟ್ಟಿದಾಗ ಎಂಟೂ ನಲವತ್ತು.

ಯಾವಾಗಲೂ ಒಂದೇ ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಿಸುವ ಸೈಕಲ್ಲು ಅಂದು ನೆಲ ಬಿಡಲಿಲ್ಲ. ಗಂಡ ಹೆಂಡತಿ ಸೇರಿ ಎತ್ತಿದರೂ ಎರಡು ಮೆಟ್ಟಿಲಿನ ಮೇಲೆ ಹೋಗಲಿಲ್ಲ. ಸುನಂದಾ ದಸ್ತಗೀರನನ್ನು ಕರೆಸಿದಳು. ಅವನು ಸೀಟಿನ ಹಿಂದೆ, ಏನೂ ಇಲ್ಲದ ಜಾಗದಲ್ಲಿ, ಕೈ ಆಡಿಸಿ ಚಟ್ಟನೆ ಹಿಂದಕ್ಕೆಳೆದುಕೊಂಡ. ಸಣ್ಣ ದನಿಯಲ್ಲಿ ಕೇಳಿದ.

"ಸರ್... ಡಬಲ್ ಸೀಟ್ ಬಂದೀರೇನ್ರಿ?"

"ಕ್ಯಾರಿಯರ್ ಎಲ್ಲಿ ಅದಲೇ ಹುಚ್ಚಾ?"

"ಅದನ್ನ ನಾ ಕೇಳಬೇಕ್ರಿ."

ಅಂದೇ ರಾತ್ರಿ ಅದನ್ನು ನಮ್ಮ ಅಕ್ಕಿ ಮಿಲ್ಲಿಗೆ ತಳ್ಳಿಕೊಂಡು ಬಂದರು. ಚೀಲ ತೂಗುವ ಕಾಟಾದ ಮೇಲೆ ನಾನೇ ನಿಂತು ಇಡಿಸಿದೆ. ಐವತ್ತೊಂದೂವರೆ ಕಿಲೋ. ಕಂಪನಿಯ ಕಾಗದದಲ್ಲಿ ಎಂಟೂವರೆ ಎಂದು ಅಚ್ಚು ಹಾಕಿದ್ದಾರೆ. ಕಾಟಾ ತಪ್ಪಿರಬೇಕು ಎಂದ ಚನ್ನವೀರ. ನಮ್ಮ ಕಾಟಾ! ಮೊದಲ ಬಾರಿಗೆ ಅವನ ಮೇಲೆ ಕೈ ಎತ್ತಬೇಕು ಎನಿಸಿತು. ಅರ್ಧ ಕ್ವಿಂಟಲ್ ಕಲ್ಲಿಟ್ಟು ತೂಗಿ ತೋರಿಸಿದೆ. ಸರಿಯಾಗಿ ಐವತ್ತು.

ಬೆಳಗ್ಗೆ ಹೈದರಾಬಾದಿನ ಹನ್ನೊಂದು ಜನ ಬಂದರು. ಇವನು ಜ್ವರ ಎಂದು ಹೊದ್ದು ಮಲಗಿದ. ಅವರು ತಾವೇ ಹೋಗಿ, ದಾರಿ ಚೆನ್ನಾಗಿದೆ ಎಂದು ಫೋಟೋ ಹಾಕಿಕೊಂಡು ಹೋದರು. ಅವರಿಗೆ ಯಾರೂ ಭೇಟಿಯಾಗಲಿಲ್ಲ. ಭೇಟಿಯಾಗುವವಳು ಆಗಲೇ ಮಾನ್ವಿಗೆ ಬಂದು ಕೂತಿದ್ದಳಲ್ಲ!

ಅದೇ ದಿನ ಜಂಬಣ್ಣನನ್ನು ಕರೆಸಿ ಕೇಳಿದರು. ಅವನು ಹೊಸ್ತಿಲ ಹೊರಗೇ ನಿಂತು ಪಿಸುಗುಟ್ಟಿದ.

"ಹಸಿರು ಸೀರಿ, ಡಬ್ಬಿ ಅಂದ್ರ ಬಸವಂತಮ್ಮನೇ ಬಿಡ್ರಿ. ಟಾರ್ ರಸ್ತಿ ಮ್ಯಾಲೆ ಭತ್ತ ಒಣಹಾಕಿದ್ವಿ, ನಾಕು ವರ್ಷದ ಹಿಂದ. ರಾತ್ರಿ ಕಾಯಾಕ ರಾಶಿ ಪಕ್ಕಕ್ಕ ಮಕ್ಕೊಂಡಿದ್ಳು. ಒಂದು ಕಾರು ಬಂತು... ನಿಲ್ಲಲಿಲ್ಲ. ಯಾರ ಕಾರು ಅಂತ ಇವತ್ತಿಗೂ ಗೊತ್ತಿಲ್ಲ. ಅವಾಗಿಂದ ಟಾರ್ ರಸ್ತಿಗೆ ಕಾಲಿಡಂಗಿಲ್ಲ ಆಕಿ. ನಾಲಿ ಮ್ಯಾಲೆ ನಡೀತಾಳ."

"ನನ್ನನ್ಯಾಕ ಹಿಡೀಬೇಕು?" ಎಂದ ಚನ್ನವೀರ.

"ಆಕಿ ಯಾರನ್ನೂ ಹಿಡಿಯಂಗಿಲ್ರಿ. ಬರೀ ಕೇಳ್ತಾಳ. ಆಗಂಗಿಲ್ಲವ್ವಾ ಅಂದ್ರ ಸರದು ನಿಂದರ್ತಾಳ. ನಾನೂ ಎರಡು ಸಲ ಅಂದೀನಿ. ನೀವು ಕುಂಡ್ರು ಅಂದ್ರಿ... ಕುಂತಾಳ. ಈಗ ನೀವೇ ಇಳಿಸಬೇಕು. ನಿಮ್ಮ ಅವ್ವಗ ಹೇಳಿದಂಗ ಹೇಳ್ರಿ."

ಅಮಾವಾಸ್ಯೆಯ ಸಂಜೆ ಚನ್ನವೀರ ಸೈಕಲ್ಲು ತುಳಿದುಕೊಂಡು ಆ ಸೇತುವೆಗೆ ಹೋದ. ಜಂಬಣ್ಣ ಜೊತೆಗೆ ನಡೆದು ಬಂದ. ಇವನು ನಿಂತ. ಕೂಲಿ ಹೆಂಗಸಿಗೆ ಬಹುವಚನ ಹಾಗಿರಲಿ, ಒಂದು ಯವ್ವಾ ಎನ್ನುವ ಮಾತು ಕೂಡ ಹೇಳಿ ಅಭ್ಯಾಸವಿಲ್ಲದ ಬಾಯಿ ಅದು. ತಿಣುಕಿ ತಿಣುಕಿ ಹೇಳಿದ.

"ಇಳಿ... ಯವ್ವಾ. ನಿಮ್ಮೂರು ಬಂತು."

ನಾಲೆಯ ನೀರು ಕಂಬಕ್ಕೆ ಬಡಿದು ಗುಳ್... ಗುಳ್... ಎನ್ನುತ್ತಿತ್ತು.

"ಇದು ಒಲ್ಲೆ" ಎಂದಿತು ದನಿ. "ನೀ ಹೇಳಿದಿ ನೋಡು... ಆ ಊರು."

"ಅದು... ಅದು ಭಾಳ ದೂರ ಅದ ಯವ್ವಾ."

"ಇರಲಿ. ಕುಂತೀನಿ."

ಜಂಬಣ್ಣನಿಗೂ ಕೇಳಿಸಿದೆ. ಅವನ ಹೆಬ್ಬೆಟ್ಟು ನನ್ನ ಪುಸ್ತಕದಲ್ಲಿದೆ.

ಆಮೇಲಿನ ಐದು ತಿಂಗಳು ಚನ್ನವೀರನ ಮನೆಯಲ್ಲಿ ನಿದ್ದೆ ಇರಲಿಲ್ಲ. ಸೈಕಲ್ಲನ್ನು ರಾಯಚೂರಿನ ಒಬ್ಬನಿಗೆ ಮಾರಿದ. ಅವನು ಮೂರನೆಯ ದಿನ ಟೆಂಪೋದಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಇಳಿಸಿ ಹೋದ. ಪಡಸಾಲೆಯಲ್ಲಿ ಅದನ್ನು ಗೋಡೆಗೆ ಆನಿಸಿಟ್ಟರೆ ದೀಪ ಆರಿಸಿದ ಮೇಲೆ ಕಟಕ್... ಥೂ. ಕಟಕ್... ಥೂ. ನಡುರಾತ್ರಿ ಒಂದು ದನಿ: "ಆಮ್ಯಾಲೆ?" ಆಗ ಚನ್ನವೀರ ಎದ್ದು ಕೂತು ಕಾರಿಲ್ಲದ ದಾರಿಯ ಕತೆ ಹೇಳಬೇಕು. ಮದುವೆ ಮನೆಗಳಲ್ಲಿ ಯಾರೂ ಕೇಳದಿದ್ದ ಕತೆಗೆ ಕೊನೆಗೂ ಒಬ್ಬಳು ಸಿಕ್ಕಿದ್ದಳು. ಅವಳಿಗೆ ಸಾಕಾಗುತ್ತಿರಲಿಲ್ಲ.

ಸಂಕ್ರಮಣದ ಮರುದಿನ ಸುನಂದಾ ಚೀಲ ಕಟ್ಟಿದಳು.

"ನಾ ದೇವದುರ್ಗಕ್ಕ ತವರಮನಿಗೆ ಹೊಂಟೀನಿ. ಆಕಿ ಇಳಿದ ಮ್ಯಾಲೆ ಹೇಳಿ ಕಳಸ್ರಿ."

"ನಾನೇನು ಮಾಡ್ಲೇ?"

"ಕರದಾವ್ರು ನೀವು. ಬಿಟ್ಟು ಬರ್ರಿ."

"ಫ್ರಾನ್ಸಿಗೆ?"

"ಮತ್ತ ನಿಮ್ಮದೇ ಊರಲ್ಲೇನು ಅದು? ಊರಿಗೆಲ್ಲಾ ಹಂಗ ಹೇಳ್ತಿದ್ರಿ."

ಹೋದಳು. ಮನೆ ಉಳಿಯಬೇಕಾದರೆ ಅವನಿಗೆ ಬೇರೆ ದಾರಿಯಿರಲಿಲ್ಲ. ಎರಡು ಸಾವಿರದ ಇಪ್ಪತ್ತೈದರ ಮೇ ಎಂಟು, ಸೈಕಲ್ಲನ್ನು ಡಬ್ಬದಲ್ಲಿ ಕಟ್ಟಿಸಿ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಒಯ್ದ. ಇಷ್ಟು ಭಾರ ಪ್ರಯಾಣಿಕರ ಜೊತೆ ಒಯ್ಯುವಂತಿಲ್ಲ, ಸರಕಿನಲ್ಲಿ ಹಾಕಿ ಎಂದರು. ಡಬ್ಬ ಬಿಚ್ಚಿಸಿದರು. ಯಂತ್ರದಲ್ಲಿ ಹಾಯಿಸಿದರು. ಒಳಗೆ ಸೈಕಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ರಸೀದಿಯ ಮೇಲೆ ಐವತ್ತೆಂಟು ಕಿಲೋ ಎಂದು ಬರೆದುಕೊಟ್ಟರು. ಆ ರಸೀದಿಯನ್ನೂ ತರಿಸಿ ಅಂಟಿಸಿದ್ದೇನೆ.

ಫ್ರಾನ್ಸಿಗೆ ಹೋಗಿ ಅವನು ಮೂರು ದಿನ ನಾಲೆಯ ಪಕ್ಕ ತುಳಿದ. ಹಿಂದಿನ ವರ್ಷ ಹಾಡು ಹೇಳಿಕೊಂಡು ಹೋದ ದಾರಿಯಲ್ಲಿ ಈಗ ಮೊಣಕಾಲು ಊದಿಸಿಕೊಂಡು, ಏದುಸಿರು ಬಿಡುತ್ತ, ಅರವತ್ತು ದಾಟಿದ ಮುದುಕಿಯರೂ ತನ್ನನ್ನು ಹಿಂದೆ ಹಾಕಿ ಹೋಗುವುದನ್ನು ನೋಡುತ್ತ. ಹಿಂದಿನವಳು ಮಾತಾಡಲಿಲ್ಲ. ಕಾಳು ಕಡಿಯಲಿಲ್ಲ. ನೋಡುತ್ತಿದ್ದಳು ಎಂದು ಕಾಣುತ್ತದೆ.

ಮೂರನೆಯ ಸಂಜೆ ಒಂದು ಸಣ್ಣ ಊರು. ನಾಲೆಯ ದಂಡೆಗೆ ಹಳೆಯ ಕಲ್ಲಿನ ಮನೆ. ಒಬ್ಬ ವಿಧವೆ ಅದಕ್ಕೆ ಬಿಳಿ ಬಣ್ಣ ಬಳಿಸಿ ಸೈಕಲ್ಲಿನವರಿಗೆ ಇಳಿದುಕೊಳ್ಳಲು ಕೋಣೆ ಕೊಡುತ್ತಾಳೆ. ಅದರ ಮುಂದೆ ಬಂದಾಗ ಕಿವಿಯ ಹತ್ತಿರ ಮೆಲ್ಲಗೆ ಕೇಳಿತು.

"ಇಲ್ಲಿ ಮಕ್ಕೊಂಡ್ರ... ಏನೂ ಬರಂಗಿಲ್ಲಲ್ಲ?"

"ಇಲ್ಲ ಯವ್ವಾ."

"ಖರೇನ?"

ಅವನು ಸೈಕಲ್ಲು ನಿಲ್ಲಿಸಿ ಇಳಿದ. ತಲೆಯ ಮೇಲಿನ ಹೆಲ್ಮೆಟ್ ತೆಗೆದ. ಇದನ್ನು ಅವನೇ ನನಗೆ ಹೇಳುವಾಗ ಕಣ್ಣಲ್ಲಿ ನೀರಿತ್ತು, ಅದನ್ನೂ ಬರೆದುಕೊಂಡಿದ್ದೇನೆ. ಎರಡೂ ಕೈ ಜೋಡಿಸಿದ.

"ಖರೇನ ಯವ್ವಾ. ಇಳೀರಿ. ನಿಮ್ಮೂರು ಬಂತು."

ಟೈರು "ಉಸ್" ಎಂದು ಒಂದು ಬೆರಳಿನಷ್ಟು ಮೇಲೆದ್ದಿತು. ಸಣ್ಣ ಕಲ್ಲಿನ ಮೇಲೆ ಬರಿಗಾಲಿನ ಸಪ್ಪಳ... ಸರಕ್... ಸರಕ್... ಮನೆಯ ಹಿಂಬದಿಗೆ ಹೋಯಿತು.

ಆ ರಾತ್ರಿ ಅಲ್ಲೇ ಉಳಿದು, ವಿಧವೆಯ ಪುಸ್ತಕದಲ್ಲಿ ತನ್ನ ವಿಳಾಸ ಬರೆದು ಅವನು ವಾಪಸು ಬಂದ. ಕಾಟಾದಲ್ಲಿ ಎಂಟೂವರೆ. ಸುನಂದಾ ದೇವದುರ್ಗದಿಂದ ಬಂದಳು. ಈಗ ಅವನ ಬಾಯಲ್ಲಿ ಫ್ರಾನ್ಸ್ ಎಂಬ ಮಾತು ಬರುವುದಿಲ್ಲ. ನೆಂಟರೆಲ್ಲ ಸುಖವಾಗಿ ಊಟ ಮಾಡುತ್ತಾರೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಆಗಸ್ಟ್ ಹತ್ತೊಂಬತ್ತರಂದು ಆ ವಿಧವೆಯಿಂದ ಚನ್ನವೀರನಿಗೆ ಒಂದು ಪತ್ರ ಬಂತು, ಜೊತೆಗೊಂದು ಫೋಟೋ. ಓದಿದವನೇ ನನ್ನ ಹತ್ತಿರ ತಂದ. ರಾತ್ರಿ ಯಾರೋ ಬಂದು ತನ್ನ ಗೋಡೆಗೆ ಏನನ್ನೋ ಹಚ್ಚಿ ಹೋಗುತ್ತಾರೆ, ಊರಲ್ಲಿ ಯಾರಿಗೂ ಅದು ಏನೆಂದು ತಿಳಿಯದು, ನಿಮ್ಮ ಕಡೆ ಇಂಥದ್ದು ಇದೆಯೇ ಎಂದು ಬಹಳ ವಿನಯದಿಂದ ಕೇಳಿದ್ದಳು.

ಫೋಟೋ ನನ್ನ ಹತ್ತಿರ ಇದೆ. ನಂಬದವರು ಬೆಳಗ್ಗೆ ಬಂದು ನೋಡಬಹುದು. ಬಿಳಿ ಗೋಡೆಯ ಮೇಲೆ ಸಾಲಾಗಿ ಕುಳ್ಳು ತಟ್ಟಿದೆ... ಸಗಣಿಯ ಕುಳ್ಳು, ನಮ್ಮ ಹಿತ್ತಲಲ್ಲಿ ತಟ್ಟುವಂಥವೇ, ಒಂದೊಂದರ ಮೇಲೂ ಐದು ಬೆರಳು ಮೂಡಿವೆ. ಭೂತಗನ್ನಡಿ ಹಿಡಿದು ಎಣಿಸಿದ್ದೇನೆ. ಇಪ್ಪತ್ತಮೂರು. ಕೊನೆಯದು ಇನ್ನೂ ಹಸಿ ಇತ್ತು.